ಎದೆಯೊಳಗಿನ ಫಲಜ್‌ಗೆ ಹೊಸ ಬಾಗಿಲು

ಮಕ್ಕಳೇ, ಒಂದು ದಪ್ಪ ಹಾಳೆ ತೆಗೆದುಕೊಂಡು ಕೊಳವೆಯ ಹಾಗೆ ಸುತ್ತಿ. ಅದರ ಒಂದು ತುದಿಯನ್ನು ಅಜ್ಜನದೋ ಅಜ್ಜಿಯದೋ ಎದೆಯ ಎಡಗಡೆಗೆ ಮೆತ್ತಗೆ ಇಟ್ಟು, ಇನ್ನೊಂದು ತುದಿಗೆ ಕಿವಿ ಕೊಡಿ. ಫ್ಯಾನ್ ಆರಿಸಿ, ಟಿವಿ ನಿಲ್ಲಿಸಿ. ಸದ್ದಿಲ್ಲದೆ ಕೇಳಿದರೆ ದೂರದಲ್ಲಿ ಯಾರೋ ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ. ಲಬ್-ಡಬ್. ಲಬ್-ಡಬ್.

1816ರಲ್ಲಿ ಪ್ಯಾರಿಸ್ ನಗರದ ವೈದ್ಯ ರೆನೆ ಲೆನೆಕ್ ಹೀಗೇ ಕಾಗದ ಸುತ್ತಿ ಒಬ್ಬ ರೋಗಿಯ ಎದೆಗೆ ಇಟ್ಟು ಕೇಳಿದರು. ಬರಿಗಿವಿಗಿಂತ ಸದ್ದು ಸ್ಪಷ್ಟವಾಗಿತ್ತು. ಡಾಕ್ಟರರ ಕುತ್ತಿಗೆಯಲ್ಲಿ ನೇತಾಡುವ ಸ್ಟೆತಾಸ್ಕೋಪ್ ಹುಟ್ಟಿದ್ದು ಆ ಕಾಗದದ ಸುರುಳಿಯಿಂದ.

ಲಬ್-ಡಬ್ ಎಲ್ಲಿಂದ ಬರುತ್ತದೆ ಗೊತ್ತೇ? ಹೃದಯದೊಳಗೆ ಬಾಗಿಲುಗಳಿವೆ. ಅವು ಮುಚ್ಚಿಕೊಳ್ಳುವಾಗ ಆಗುವ ಸದ್ದು ಅದು. ಇಂಗ್ಲಿಷಿನಲ್ಲಿ ವಾಲ್ವ್ ಎನ್ನುವುದಕ್ಕೆ ನಮ್ಮ ಪಾಠಪುಸ್ತಕಗಳಲ್ಲಿ 'ಕವಾಟ' ಎಂದಿರುತ್ತದೆ. ಕವಾಟವೆಂದರೆ ಬಾಗಿಲೇ. ಎಷ್ಟು ಒಪ್ಪುವ ಹೆಸರು!

ಅಂಥ ಒಂದು ಬಾಗಿಲು ವಯಸ್ಸಾಗಿ ಬಿಗಿದುಕೊಂಡರೆ ಏನು ಮಾಡುವುದು? ಎದೆಯನ್ನು ತೆರೆಯದೆ ಅದನ್ನು ಹೊಸತು ಮಾಡಬಹುದೇ? ಮಾಡಬಹುದು. ದುಬೈ, ಅಬುಧಾಬಿಯ ದೊಡ್ಡ ಆಸ್ಪತ್ರೆಗಳಲ್ಲಿ ಈಗ ಅದನ್ನು ಮಾಡುತ್ತಾರೆ. ಆ ಕತೆ ಹೇಳುತ್ತೇನೆ, ಬನ್ನಿ.

ಖರ್ಜೂರದ ತೋಟದಲ್ಲಿ ಒಬ್ಬ ಅಜ್ಜ

ನಮ್ಮ ಕತೆಗೆ ಒಬ್ಬ ಅಜ್ಜ ಬೇಕು. ಊಹಿಸಿಕೊಳ್ಳೋಣ. ಕಾಸರಗೋಡಿನ ಬಾಯಾರು ಕಡೆಯ ಅಡಿಕೆ ಕೃಷಿಕರು ಅವರು. ಮಗನ ಮನೆ ದುಬೈನ ಕರಾಮಾದಲ್ಲಿ. ಚಳಿಗಾಲದಲ್ಲಿ ಬಂದ ಅಜ್ಜನನ್ನು ಪುಳ್ಳಿ, ಅಂದರೆ ಮೊಮ್ಮಗಳು, ಅಲ್ ಐನ್‌ಗೆ ಕರೆದುಕೊಂಡು ಹೋದಳು. ಅಬುಧಾಬಿ ಎಮಿರೇಟಿಗೆ ಸೇರಿದ ಊರು ಅದು. ಸುತ್ತ ಮರಳು, ನಡುವೆ ತಂಪಾದ ಖರ್ಜೂರದ ತೋಟ. ಮರಗಳ ಬುಡದಲ್ಲಿ ಕಿರಿದಾದ ಕಾಲುವೆಗಳಲ್ಲಿ ನೀರು ಜುಳುಜುಳು ಹರಿಯುತ್ತದೆ.

ಆ ಕಾಲುವೆಗೆ ಅಲ್ಲಿಯವರು 'ಫಲಜ್' ಎನ್ನುತ್ತಾರೆ. ನೀರು ನೆಲದಡಿಯಿಂದ ಬರುತ್ತದೆ. ಗುಡ್ಡದ ಬುಡದಲ್ಲಿ ನೀರಿನ ಸೆಲೆ ಹುಡುಕಿ, ಅಲ್ಲಿಂದ ತೋಟದವರೆಗೆ ಮೆಲ್ಲನೆ ಇಳಿಜಾರಾಗಿ ಸುರಂಗ ಕೊರೆಯುತ್ತಿದ್ದರು. ಅಲ್ ಐನ್‌ನ ಹೀಲಿ ಎಂಬಲ್ಲಿ ಸುಮಾರು 3000 ವರ್ಷ ಹಳೆಯ ಫಲಜ್ ಸಿಕ್ಕಿದೆ. ಇಲ್ಲಿಯ ತೋಟಗಳನ್ನೂ ಪ್ರಾಚೀನ ತಾಣಗಳನ್ನೂ ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಜ್ಜನಿಗೆ ಇದು ಹೊಸತೆನಿಸಲಿಲ್ಲ. ಬಾಯಾರು, ಮಾಣಿಲದ ಮುರಕಲ್ಲಿನ ಗುಡ್ಡಗಳಲ್ಲೂ ಅಡ್ಡಕ್ಕೆ ಕೊರೆದ ಸುರಂಗಗಳಿವೆ. ತೋಟಕ್ಕೆ ನೀರು ಬರುವುದು ಅವುಗಳಿಂದಲೇ. "ನಮ್ಮ ಸುರಂಗದ ಹಾಗೆಯೇ ಉಂಟಲ್ಲ ಮಗಾ ಇದು!" ಎಂದರು ಅಜ್ಜ.

ಫಲಜ್‌ನಲ್ಲಿ ಎರಡು ವಿಷಯ ಗಮನಿಸಿ. ಒಂದು, ಯಾವ ಪಾತಿಗೆ ಎಷ್ಟು ಹೊತ್ತು ನೀರು ಎಂದು ಲೆಕ್ಕ ಹಾಕಿ ಕಾಲುವೆಯ ಬಾಗಿಲು ತೆರೆಯುತ್ತಾರೆ, ಮುಚ್ಚುತ್ತಾರೆ. ಎರಡು, ನೆಲದಡಿಯ ಸುರಂಗದಲ್ಲಿ ಹೂಳು ತುಂಬಿದರೆ ಇಡೀ ಗುಡ್ಡ ಅಗೆಯುವುದಿಲ್ಲ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಮೊದಲೇ ಬಿಟ್ಟಿರುತ್ತಾರೆ. ಕೆಲಸದವರು ಆ ಕಂಡಿಯಲ್ಲಿ ಇಳಿದು ನೀರಿನ ದಾರಿಯಲ್ಲೇ ಸಾಗಿ ಕೆಟ್ಟ ಜಾಗವನ್ನು ಸರಿಮಾಡುತ್ತಾರೆ. ಇದನ್ನು ಮರೆಯಬೇಡಿ. ನಮ್ಮ ಕತೆಯ ತಿರುಳು ಇದೇ.

ನಾಲ್ಕು ಬಾಗಿಲುಗಳ ಮನೆ

ಈಗ ನಿಮ್ಮ ಮುಷ್ಟಿ ಕಟ್ಟಿ ನೋಡಿ. ನಿಮ್ಮ ಹೃದಯ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಅದರಲ್ಲಿ ನಾಲ್ಕು ಕೋಣೆ, ನಾಲ್ಕು ಕವಾಟ. ಮೇಲಿನ ಎರಡು ಕೋಣೆ ಹೃತ್ಕರ್ಣ, ಕೆಳಗಿನ ಎರಡು ಹೃತ್ಕುಕ್ಷಿ. ಬಲಗಡೆಯ ಕೋಣೆಗಳು ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತವೆ. ಅಲ್ಲಿ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಎಡಗಡೆಯ ಕೋಣೆಗಳು ಇಡೀ ಮೈಗೆ ಹಂಚುತ್ತವೆ.

ಈ ದಾರಿಯನ್ನು ಸರಿಯಾಗಿ ಬರೆದಿಟ್ಟವರಲ್ಲಿ ಮೊದಲಿಗರು ಅರಬ್ ವೈದ್ಯ ಇಬ್ನ್ ಅಲ್-ನಫೀಸ್. ಡಮಾಸ್ಕಸ್‌ನಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದವರು. ಹೃದಯದ ಬಲಭಾಗದ ರಕ್ತ ನಡುಗೋಡೆಯನ್ನು ತೂರಿ ಎಡಕ್ಕೆ ಹೋಗುವುದಿಲ್ಲ, ಶ್ವಾಸಕೋಶದ ಮೂಲಕ ಬಳಸಿಕೊಂಡು ಹೋಗುತ್ತದೆ ಎಂದು 1242ರಲ್ಲೇ ಬರೆದರು. ಆ ಬರಹ ಬಹಳ ಕಾಲ ಲೋಕದ ಕಣ್ಣಿಗೆ ಬೀಳದೆ ಉಳಿಯಿತು. 1924ರಲ್ಲಿ ಬರ್ಲಿನ್‌ನಲ್ಲಿದ್ದ ಹಸ್ತಪ್ರತಿಯೊಂದನ್ನು ಈಜಿಪ್ಟಿನ ಒಬ್ಬ ವೈದ್ಯರು ಓದಿದಾಗ ಮತ್ತೆ ಬೆಳಕಿಗೆ ಬಂತು. ದುಬೈನಲ್ಲಿ ಬೆಳೆಯುವ ನಿಮಗೆ 'ಕಲ್ಬ್' ಎಂಬ ಅರಬಿ ಪದ ಕೇಳಿ ಗೊತ್ತಿರಬಹುದು. ಹೃದಯ ಎಂದು ಅದರ ಅರ್ಥ.

ಹೃದಯದ ಕವಾಟಕ್ಕೂ ಫಲಜ್‌ನ ಬಾಗಿಲಿಗೂ ಒಂದು ವ್ಯತ್ಯಾಸವಿದೆ. ಫಲಜ್‌ನ ಬಾಗಿಲು ತೆರೆಯಲು ಮನುಷ್ಯ ಬೇಕು. ಹೃದಯದ ಕವಾಟವನ್ನು ರಕ್ತವೇ ತಳ್ಳಿ ತೆರೆಯುತ್ತದೆ, ರಕ್ತವೇ ಹಿಂದಕ್ಕೆ ಒತ್ತಿ ಮುಚ್ಚುತ್ತದೆ. ಬಾವಿಯ ಪಂಪಿನ ತುದಿಯಲ್ಲಿರುವ ಫುಟ್‌ವಾಲ್ವ್ ನೋಡಿದ್ದೀರಾ? ನೀರು ಮೇಲೇರಲು ಬಿಡುತ್ತದೆ, ಕೆಳಗಿಳಿಯಲು ಬಿಡುವುದಿಲ್ಲ. ಹಾಗೆಯೇ ಇದು ಒಂದೇ ಕಡೆಗೆ ತೆರೆಯುವ ಬಾಗಿಲು.

ನಾಲ್ಕರಲ್ಲಿ ನಮ್ಮ ಕತೆಗೆ ಬೇಕಾದ್ದು ಎಡ ಹೃತ್ಕುಕ್ಷಿಯ ಹೊರಬಾಗಿಲು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮಹಾಪಧಮನಿ. ಅದರ ಬಾಯಲ್ಲಿರುವುದರಿಂದ ಇದಕ್ಕೆ ಮಹಾಪಧಮನಿ ಕವಾಟ ಎಂದು ಹೆಸರು. ಅರ್ಧಚಂದ್ರನಂಥ ಮೂರು ತೆಳು ಎಸಳುಗಳು. ಮೈಯ ಮೂಲೆಮೂಲೆಗೆ ಹೋಗುವ ರಕ್ತವೆಲ್ಲ ಈ ಮೂರು ಎಸಳುಗಳ ನಡುವಿನಿಂದಲೇ ದಾಟಬೇಕು.

ಲೆಕ್ಕ ಹಾಕೋಣ. ನಿಮಿಷಕ್ಕೆ 70 ಬಡಿತ ಎಂದುಕೊಂಡರೆ ದಿನಕ್ಕೆ ಒಂದು ಲಕ್ಷ ಬಡಿತ. ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ. ದಿನಕ್ಕೆ ಸುಮಾರು 7000 ಲೀಟರ್. ತಾರಸಿಯ ಮೇಲಿಡುವ ಸಾವಿರ ಲೀಟರಿನ ಟ್ಯಾಂಕ್ ಇದೆಯಲ್ಲ, ಅಂಥ ಏಳು ಟ್ಯಾಂಕ್! ಎಪ್ಪತ್ತು ವರ್ಷದ ಅಜ್ಜನ ಕವಾಟ ಅಷ್ಟರಲ್ಲಿ ಸುಮಾರು 250 ಕೋಟಿ ಸಲ ತೆರೆದು ಮುಚ್ಚಿರುತ್ತದೆ. ಒಂದು ದಿನವೂ ರಜೆ ಇಲ್ಲ, ನಿದ್ದೆಯಲ್ಲೂ ಬಿಡುವಿಲ್ಲ.

ನಾಣ್ಯದಿಂದ ಗುಂಡಿಗೆ

ಅಲ್ ಐನ್‌ನಿಂದ ಮರಳಿದ ಮೇಲೆ ಒಂದು ಸಂಜೆ ಬುರ್ಜುಮಾನ್ ಮೆಟ್ರೊ ನಿಲ್ದಾಣದ ಮೆಟ್ಟಿಲಲ್ಲಿ ಅಜ್ಜ ನಿಂತುಬಿಟ್ಟರು. ಕಂಬಿ ಹಿಡಿದು ಉಸಿರು ಎಳೆದುಕೊಂಡರು.

"ಎಂತಾಯ್ತು ಅಜ್ಜ?"

"ಎಂತದೂ ಇಲ್ಲ ಮಗಾ. ಸ್ವಲ್ಪ ದಮ್ಮು ಕಟ್ಟಿದ ಹಾಗೆ ಆಯ್ತು."

ವಯಸ್ಸಾದವರು ಹೀಗೆ ಹೇಳಿ ಸುಮ್ಮನಾಗಿಬಿಡುತ್ತಾರೆ. ಪುಳ್ಳಿ ಸುಮ್ಮನಾಗಲಿಲ್ಲ. ಮನೆಗೆ ಬಂದವಳೇ ಅಪ್ಪನಿಗೆ ಹೇಳಿದಳು. ಮರುದಿನ ಡಾಕ್ಟರರು ಸ್ಟೆತಾಸ್ಕೋಪ್ ಇಟ್ಟು ಕೇಳಿದಾಗ ಲಬ್ ಮತ್ತು ಡಬ್‌ಗಳ ನಡುವೆ 'ಸೊಯ್' ಎಂಬ ಇನ್ನೊಂದು ಸದ್ದು ಇತ್ತು.

ಆ ಸದ್ದು ಏಕೆ ಬರುತ್ತದೆಂದು ನೀವೇ ಕಂಡುಕೊಳ್ಳಬಹುದು. ತೋಟಕ್ಕೆ ನೀರು ಹಾಯಿಸುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ನೀರು ಸೊಯ್ಯೆಂದು ಸದ್ದು ಮಾಡುತ್ತ ದೂರ ಚಿಮ್ಮುತ್ತದೆ. ದಾರಿ ಕಿರಿದಾದರೆ ಹರಿವು ರಭಸವಾಗುತ್ತದೆ, ಸುಳಿಗಳು ಏಳುತ್ತವೆ, ಸದ್ದಾಗುತ್ತದೆ. ಅಜ್ಜನ ಕವಾಟದಲ್ಲೂ ಹೀಗೇ ಆಗಿತ್ತು. ವರ್ಷ ಕಳೆದಂತೆ ಕೆಲವರ ಕವಾಟದ ಎಸಳುಗಳ ಮೇಲೆ ಕ್ಯಾಲ್ಸಿಯಂ ಕೂಡಿಕೊಳ್ಳುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ನೋಡಲು ಹಾಗೆ. ರೇಷ್ಮೆಯಂತೆ ಬಳುಕುತ್ತಿದ್ದ ಎಸಳು ಚಿಪ್ಪಿನಂತೆ ಗಡುಸಾಗುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟುವಾಗಲೇ ಮೂರರ ಬದಲು ಎರಡೇ ಎಸಳು ಇರುತ್ತವೆ. ಅವರ ಕವಾಟ ಇನ್ನೂ ಬೇಗ ಸವೆಯಬಹುದು.

ಒಂದು ದಿರ್ಹಮ್ ನಾಣ್ಯ ಕೈಗೆತ್ತಿಕೊಳ್ಳಿ. ಕಾಫಿ ಹೂಜಿಯ ಚಿತ್ರವಿರುವ ಆ ನಾಣ್ಯದ ಅಗಲ 24 ಮಿಲಿಮೀಟರ್. ಆರೋಗ್ಯವಂತ ದೊಡ್ಡವರ ಮಹಾಪಧಮನಿ ಕವಾಟ ಅದಕ್ಕಿಂತ ಕೊಂಚ ಕಿರಿದಾಗಿ, 3ರಿಂದ 4 ಚದರ ಸೆಂಟಿಮೀಟರ್ ತೆರೆದುಕೊಳ್ಳುತ್ತದೆ. ತೀರಾ ಬಿಗಿದುಕೊಂಡ ಕವಾಟದ ದಾರಿ 1 ಚದರ ಸೆಂಟಿಮೀಟರಿಗಿಂತ ಕಡಿಮೆ. ಅಂದರೆ ನಿಮ್ಮ ಅಂಗಿಯ ಗುಂಡಿಯಷ್ಟು! ಅಷ್ಟು ಸಣ್ಣ ಕಿಂಡಿಯಲ್ಲಿ ಇಡೀ ಮೈಗೆ ರಕ್ತ ದೂಡಲು ಹೃದಯ ಹೆಣಗಾಡುತ್ತದೆ. ಅದರ ಗೋಡೆ ದಪ್ಪವಾಗುತ್ತದೆ. ಮೆಟ್ಟಿಲೇರಿದರೆ ದಮ್ಮು, ಎದೆನೋವು, ಕೆಲವೊಮ್ಮೆ ತಲೆಸುತ್ತಿ ಬೀಳುವುದು, ಇವೆಲ್ಲ ಅದರ ಕೂಗು. ಆ ಕೂಗು ಕೇಳಿದ ಮೇಲೆ ತಡ ಮಾಡಬಾರದು. ಗಡುಸಾದ ಎಸಳನ್ನು ಮೆತ್ತಗೆ ಮಾಡುವ ಮಾತ್ರೆ ಇನ್ನೂ ಇಲ್ಲ. ಬಾಗಿಲನ್ನೇ ಬದಲಿಸಬೇಕು.

ಎದೆ ತೆರೆದು ಬಾಗಿಲು ಬದಲಿಸಿದವರು

ಹೃದಯದ ಒಳಗೆ ಕೈ ಹಾಕಬೇಕಾದರೆ ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು. ಆ ಹೊತ್ತಿನಲ್ಲಿ ಮೈಗೆ ರಕ್ತ ಕಳಿಸುವವರು ಯಾರು? 1953ರಲ್ಲಿ ಅಮೆರಿಕದ ವೈದ್ಯ ಜಾನ್ ಗಿಬ್ಬನ್ ತಾವು ಕಟ್ಟಿದ ಯಂತ್ರಕ್ಕೆ ಆ ಕೆಲಸ ಒಪ್ಪಿಸಿ ಶಸ್ತ್ರಚಿಕಿತ್ಸೆ ಮಾಡಿದರು. 1960ರಲ್ಲಿ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಕೂಡಿ ಪುಟ್ಟ ಪಂಜರದೊಳಗೆ ಚೆಂಡು ಇರುವ ಕವಾಟ ತಂದರು. ಚೆಂಡು ಮುಂದೆ ಸರಿದರೆ ದಾರಿ ತೆರೆಯಿತು, ಹಿಂದೆ ಬಂದು ಕುಳಿತರೆ ಮುಚ್ಚಿತು.

ನಮ್ಮ ದೇಶದಲ್ಲೂ ಈ ಕೆಲಸ ನಡೆಯಿತು. ಹೊರದೇಶದ ಕವಾಟಗಳ ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ಬಳಗ ವರ್ಷಗಟ್ಟಲೆ ಶ್ರಮಿಸಿದರು. ಒಂದು ಮಾದರಿ ಸೋತರೆ ಇನ್ನೊಂದು ಮಾಡಿದರು. ಕೊನೆಗೆ ಚಿತ್ರಾ ಕವಾಟ ಸಿದ್ಧವಾಗಿ 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಯ ಹೃದಯದಲ್ಲಿ ಕುಳಿತಿತು. ಅದು ಸಾವಿರಾರು ಜನರ ಜೀವ ಕಾಯ್ದಿದೆ. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಯಾದರು, ಮಣಿಪಾಲವನ್ನೇ ಮನೆ ಮಾಡಿಕೊಂಡರು.

ಎದೆ ತೆರೆಯುವ ಶಸ್ತ್ರಚಿಕಿತ್ಸೆ ಇಂದಿಗೂ ಅನೇಕರಿಗೆ ಸರಿಯಾದ ದಾರಿ. ಆದರೆ ಎದೆಯ ನಡುವಿನ ಎಲುಬನ್ನು ಸೀಳಬೇಕು. ಅದು ಕೂಡಿಕೊಳ್ಳಲು ವಾರಗಟ್ಟಲೆ ಬೇಕು. ತೀರಾ ವಯಸ್ಸಾದವರು, ಮೂತ್ರಪಿಂಡ, ಶ್ವಾಸಕೋಶಗಳೂ ಸೋತವರು ಅದನ್ನು ತಾಳಲಾರರು. ಅಂಥವರಿಗೆ ವೈದ್ಯರು ಏನೂ ಮಾಡಲಾಗದೆ ಮನೆಗೆ ಕಳಿಸುತ್ತಿದ್ದ ಕಾಲವಿತ್ತು.

ಇರುವ ದಾರಿಯನ್ನು ಹುಡುಕಿದವರು

ಫಲಜ್‌ನ ಕೆಲಸದವರನ್ನು ನೆನಪಿಸಿಕೊಳ್ಳಿ. ನಮ್ಮ ಮೈಯಲ್ಲೂ ರಕ್ತನಾಳಗಳೆಂಬ ಸುರಂಗಗಳು ಎಲ್ಲೆಡೆಯಿಂದ ಹೃದಯಕ್ಕೆ ಹೋಗುತ್ತವೆ. ಆ ದಾರಿಯಲ್ಲೇ ಹೃದಯ ಮುಟ್ಟಬಹುದಲ್ಲ?

1929ರಲ್ಲಿ ಜರ್ಮನಿಯ 25 ವರ್ಷದ ವೈದ್ಯ ವೆರ್ನರ್ ಫೋರ್ಸ್‌ಮನ್ ತಮ್ಮ ತೋಳಿನ ರಕ್ತನಾಳದೊಳಗೆ ಒಂದು ಸಪೂರ ನಳಿಕೆ ತೂರಿಸಿ, ಹೃದಯದವರೆಗೆ ತಳ್ಳಿ, ಎಕ್ಸ್‌ರೇ ಕೋಣೆಗೆ ನಡೆದು ಹೋಗಿ ಚಿತ್ರ ತೆಗೆಸಿಕೊಂಡರು. ಹಾಗೆ ತಮ್ಮ ಮೇಲೆಯೇ ಪ್ರಯೋಗ ಮಾಡುವುದು ಬಹಳ ಅಪಾಯ, ಇಂದು ಯಾರೂ ಒಪ್ಪುವುದಿಲ್ಲ. ಆದರೆ ದಾರಿಯೊಂದು ಇದೆ ಎಂದು ಜಗತ್ತಿಗೆ ಗೊತ್ತಾಯಿತು. 1956ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಹುಮಾನ ಬಂತು. ಆ ನಳಿಕೆಯೇ ಕ್ಯಾಥೆಟರ್.

ಫ್ರಾನ್ಸ್‌ನ ರುವಾನ್ ಊರಿನಲ್ಲಿ ಅಲೇನ್ ಕ್ರಿಬಿಯೆ ಎಂಬ ಹೃದ್ರೋಗ ತಜ್ಞರಿದ್ದರು. ಶಸ್ತ್ರಚಿಕಿತ್ಸೆ ತಾಳಲಾರದ ಮುದುಕರನ್ನು ಬರಿಗೈಯಲ್ಲಿ ಕಳಿಸುವುದು ಅವರಿಗೆ ಸಂಕಟವಾಗುತ್ತಿತ್ತು. 1985ರಲ್ಲಿ ಅವರು ಕ್ಯಾಥೆಟರಿನ ತುದಿಯಲ್ಲಿ ಪುಟ್ಟ ಬಲೂನು ಕಳಿಸಿ, ಬಿಗಿದ ಕವಾಟದ ನಡುವೆ ಉಬ್ಬಿಸಿ ದಾರಿ ಅಗಲಿಸಿದರು. ರೋಗಿಗಳು ಚೇತರಿಸಿಕೊಂಡರು. ಆದರೆ ಕೆಲವೇ ತಿಂಗಳಲ್ಲಿ ಕವಾಟ ಮತ್ತೆ ಬಿಗಿದುಕೊಳ್ಳುತ್ತಿತ್ತು. ಬಾಗಿಲನ್ನು ತಳ್ಳಿ ತೆರೆದರೆ ಸಾಲದು, ತೆರೆದ ಜಾಗದಲ್ಲಿ ಹೊಸ ಬಾಗಿಲು ಕೂರಿಸಬೇಕಿತ್ತು.

ಅದೇ ಹೊತ್ತಿಗೆ ಡೆನ್ಮಾರ್ಕ್‌ನ ಯುವ ವೈದ್ಯ ಹೆನ್ನಿಂಗ್ ರೂಡ್ ಆಂಡರ್ಸನ್ 1989ರಲ್ಲಿ ಅಮೆರಿಕದಲ್ಲಿ ಒಂದು ಉಪನ್ಯಾಸ ಕೇಳಿದರು. ಕಿರಿದಾದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಎಂಬ ಲೋಹದ ಬಲೆಯ ಬಗ್ಗೆ ಅದು. ಬಲೆಯನ್ನು ದೊಡ್ಡದು ಮಾಡಿ ಒಳಗೆ ಕವಾಟ ಹೊಲಿದರೆ? ಊರಿಗೆ ಮರಳಿ ಮಾಂಸದ ಅಂಗಡಿಯಿಂದ ಹಂದಿಯ ಹೃದಯ ತಂದರು, ಲೋಹದ ತಂತಿ ಬಾಗಿಸಿದರು, ತಮ್ಮ ಕೈಯಾರೆ ಕವಾಟ ಕಟ್ಟಿದರು. ಅದೇ ವರ್ಷ ಮೇ 1ರಂದು ಒಂದು ಹಂದಿಯ ಮೈಯಲ್ಲಿ, ಎದೆ ತೆರೆಯದೆ, ಅದನ್ನು ಕೂರಿಸಿ ತೋರಿಸಿದರು. ಬಹಳ ಜನ ಇದರಲ್ಲಿ ಪ್ರಯೋಜನ ಕಾಣಲಿಲ್ಲ. ಆಂಡರ್ಸನ್ ಕೈಬಿಡಲಿಲ್ಲ.

2000ದಲ್ಲಿ ಪ್ಯಾರಿಸ್‌ನಲ್ಲಿ ಫಿಲಿಪ್ ಬೊನ್‌ಹೋಫರ್ ಎಂಬ ವೈದ್ಯರು ಶ್ವಾಸಕೋಶದ ಕಡೆಯ ಕವಾಟವನ್ನು ರಕ್ತನಾಳದ ದಾರಿಯಲ್ಲೇ ಒಬ್ಬ ಹುಡುಗನಿಗೆ ಕೂರಿಸಿದರು. ಅವನಿಗೆ ಆಗ 12 ವರ್ಷ, ನಿಮ್ಮದೇ ವಯಸ್ಸು. ಬಳಿಕ 2002ರ ಏಪ್ರಿಲ್ 16ರಂದು ರುವಾನ್‌ನಲ್ಲಿ ಕ್ರಿಬಿಯೆ 57 ವರ್ಷದ ರೋಗಿಯೊಬ್ಬರಿಗೆ ಮಹಾಪಧಮನಿ ಕವಾಟವನ್ನೇ ಹಾಗೆ ಕೂರಿಸಿದರು. ಆಗದ ಕೆಲಸ ಎಂದು ತಜ್ಞರು ಅವರಿಗೆ ಎಷ್ಟೋ ಸಲ ಹೇಳಿದ್ದರು. ಈ ಚಿಕಿತ್ಸೆಯ ಚುಟುಕು ಹೆಸರು ಟಾವಿ. 2007ರಲ್ಲಿ ಯುರೋಪ್, 2011ರಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟವು. ಮೊದಲು ತೀರಾ ಬಡಕಲಾದವರಿಗೆ ಮಾತ್ರ ಮಾಡುತ್ತಿದ್ದರು. 2019ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳ ಬಳಿಕ, ಮೈಯಲ್ಲಿ ಕಸುವಿರುವ ಅನೇಕ ಹಿರಿಯರಿಗೂ ಇದು ದಕ್ಕಿತು.

ಮೊಗ್ಗಿನಂಥ ಕವಾಟ

ಶಂಕರಪುರ ಮಲ್ಲಿಗೆ ಮಂಗಳೂರಿನಿಂದ ವಿಮಾನವೇರಿ ಗಲ್ಫಿಗೆ ಬರುವುದು ನಿಮಗೆ ಗೊತ್ತಿರಬಹುದು. ಬೆಳಿಗ್ಗೆ ಗಿಡದಿಂದ ಕೊಯ್ಯುವಾಗ ಅದು ಮೊಗ್ಗು. ಬಿಗಿಯಾಗಿ ಕಟ್ಟಿ ಕಳಿಸುತ್ತಾರೆ. ಅಮ್ಮನ ಮುಡಿ ಸೇರಿದ ಮೇಲೆ ಮೆಲ್ಲನೆ ಅರಳುತ್ತದೆ. ಟಾವಿಯ ಕವಾಟವೂ ಹಾಗೇ. ಪಯಣಿಸುವಾಗ ಮೊಗ್ಗು, ತಲುಪಿದ ಮೇಲೆ ಹೂ.

ಅದರ ಎಸಳುಗಳನ್ನು ದನದ ಅಥವಾ ಹಂದಿಯ ಹೃದಯವನ್ನು ಸುತ್ತಿಕೊಂಡಿರುವ ತೆಳು ಪೊರೆಯಿಂದ ಮಾಡುತ್ತಾರೆ. ಪೊರೆಯನ್ನು ಶುದ್ಧಮಾಡಿ ಹದಗೊಳಿಸಿ, ಎಸಳಿನ ಆಕಾರಕ್ಕೆ ಕತ್ತರಿಸುತ್ತಾರೆ. ನುರಿತ ಕೆಲಸಗಾರರು ಭೂತಗನ್ನಡಿಯಂಥ ಉಪಕರಣದಲ್ಲಿ ನೋಡುತ್ತ, ಕೂದಲೆಳೆಯಂಥ ದಾರದಿಂದ, ಲೋಹದ ಬಲೆಗೆ ಅದನ್ನು ಕೈಯಲ್ಲೇ ಹೊಲಿಯುತ್ತಾರೆ. ಇಷ್ಟು ಹೊಸ ವಿದ್ಯೆಯ ನಡುವೆಯೂ ಸೂಜಿ ಹಿಡಿದ ಕೈಯ ಬೆಲೆ ಹಾಗೇ ಉಳಿದಿದೆ.

ಅರಳಿಸುವ ಬಗೆ ಎರಡು. ಒಂದರಲ್ಲಿ ಒಳಗಿನ ಬಲೂನು ಉಬ್ಬಿ ಬಲೆಯನ್ನು ಅಗಲಿಸುತ್ತದೆ. ಇನ್ನೊಂದರಲ್ಲಿ ಬಲೆ ನಿಟಿನಾಲ್ ಎಂಬ ಲೋಹದ್ದು. ನಿಕ್ಕಲ್ ಮತ್ತು ಟೈಟೇನಿಯಂ ಬೆರೆಸಿ ಮಾಡಿದ ಈ ಲೋಹಕ್ಕೆ ತನ್ನ ಆಕಾರದ ನೆನಪಿರುತ್ತದೆ. ಮಂಜಿನಂತೆ ತಣ್ಣಗಿನ ನೀರಿನಲ್ಲಿ ಮೆತ್ತಗಾಗುವುದರಿಂದ ಆಗ ಅದನ್ನು ಮಡಿಸಿ ನಳಿಕೆಯೊಳಗೆ ಸೇರಿಸುತ್ತಾರೆ. ಮೈಯ 37 ಡಿಗ್ರಿ ಬಿಸಿಯಲ್ಲಿ ನಳಿಕೆಯಿಂದ ಹೊರಬಂದ ಕೂಡಲೇ ಹಳೆಯ ಆಕಾರ ನೆನಪಾಗಿ ತಾನೇ ಅರಳುತ್ತದೆ. ನಮ್ಮ ದೇಶದಲ್ಲೂ ಇಂಥ ಕವಾಟ ತಯಾರಾಗುತ್ತದೆ. ಗುಜರಾತಿನ ವಾಪಿಯಲ್ಲಿ ಮಾಡುವ 'ಮೈವಾಲ್' ಬಲೂನಿನಿಂದ ಅರಳುವ ಬಗೆಯದು.

ಅಬುಧಾಬಿಯ ಒಂದು ಬೆಳಿಗ್ಗೆ

ನಮ್ಮ ಅಜ್ಜನ ಕತೆಗೆ ಮರಳೋಣ. ದುಬೈನಲ್ಲೂ ಟಾವಿ ಮಾಡುವ ಆಸ್ಪತ್ರೆಗಳಿವೆ. ಅಜ್ಜನನ್ನು ಕರೆದೊಯ್ದದ್ದು ಅಬುಧಾಬಿಗೆ, ಶೇಖ್ ಜಾಯೆದ್ ರಸ್ತೆಯಲ್ಲಿ ಸುಮಾರು 140 ಕಿಲೋಮೀಟರ್. ಒಂದು ಕಾಲದಲ್ಲಿ ಮುತ್ತು ತೆಗೆಯುವವರ ಊರಾಗಿದ್ದ ಅಬುಧಾಬಿಯಲ್ಲಿ ಈಗ ಅಲ್ ಮರಿಯಾ ದ್ವೀಪದ ಮೇಲೆ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಅಬುಧಾಬಿ ಎಂಬ ದೊಡ್ಡ ಆಸ್ಪತ್ರೆಯಿದೆ. 2015ರಲ್ಲಿ ಶುರುವಾದ ಈ ಆಸ್ಪತ್ರೆಯಲ್ಲಿ 2017ರ ಡಿಸೆಂಬರ್‌ನಲ್ಲಿ ಯುಎಇ ದೇಶದ ಮೊದಲ ಹೃದಯ ಕಸಿ ನಡೆಯಿತು. ಟಾವಿಯೂ ಅಲ್ಲಿ ನಡೆಯುತ್ತದೆ. ಇಂಥ ಚಿಕಿತ್ಸೆಗೆ ಹಿಂದೆ ಲಂಡನ್‌ಗೋ ಅಮೆರಿಕಕ್ಕೋ ವಿಮಾನ ಹತ್ತಬೇಕಿತ್ತು.

ಮೊದಲು ಸಿ.ಟಿ. ಸ್ಕ್ಯಾನ್. ಅಜ್ಜನ ಕವಾಟದ ಅಗಲ ಎಷ್ಟು, ತೊಡೆಯ ರಕ್ತನಾಳ ಎಷ್ಟು ದೊಡ್ಡದು, ದಾರಿ ಎಲ್ಲಿ ತಿರುಗುತ್ತದೆ, ಎಲ್ಲವನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಹೊಸ ಬಾಗಿಲು ಸಡಿಲವಾದರೆ ಪಕ್ಕದಿಂದ ರಕ್ತ ಸೋರುತ್ತದೆ, ಬಿಗಿಯಾದರೆ ಸುತ್ತಲಿನ ಗೋಡೆಗೆ ಪೆಟ್ಟು. ಬಾಗಿಲಿನ ಚೌಕಟ್ಟು ಅಳೆಯುವ ಬಡಗಿಯ ಎಚ್ಚರ ಇಲ್ಲಿ ಬೇಕು. ಆಮೇಲೆ ಹೃದ್ರೋಗ ತಜ್ಞರು, ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು ಒಟ್ಟಿಗೆ ಕುಳಿತು ಇವರಿಗೆ ಎದೆ ತೆರೆಯುವುದು ಒಳ್ಳೆಯದೋ ಟಾವಿಯೋ ಎಂದು ತೀರ್ಮಾನಿಸುತ್ತಾರೆ.

ಆ ಬೆಳಿಗ್ಗೆ ಅಜ್ಜನನ್ನು ಕ್ಯಾಥೆಟರ್ ಚಿಕಿತ್ಸೆಯ ಕೋಣೆಯಾದ ಕ್ಯಾಥ್ ಲ್ಯಾಬ್‌ಗೆ ಕರೆದೊಯ್ದ ನರ್ಸ್ ಮಲಯಾಳದಲ್ಲಿ ಮಾತಾಡಿಸಿದರು. ಗಡಿನಾಡಿನ ಅಜ್ಜನಿಗೆ ಅದು ನೆರೆಮನೆಯ ಭಾಷೆ. ಅರ್ಧ ಹೆದರಿಕೆ ಅಲ್ಲೇ ಇಳಿಯಿತು. ಪೂರ್ತಿ ಮಲಗಿಸುವ ಅರಿವಳಿಕೆಯೂ ಬೇಕಾಗಲಿಲ್ಲ. ತೊಡೆಸಂದು ಮರಗಟ್ಟುವಂತೆ ಇಂಜೆಕ್ಷನ್ ಕೊಟ್ಟು, ಮಂಪರು ಬರಿಸಿದರು.

ತೊಡೆಸಂದಿನ ಅಪಧಮನಿಯೇ ನಮ್ಮ ಫಲಜ್‌ನ ಕಂಡಿ. ಅಲ್ಲೊಂದು ಸಣ್ಣ ತೂತು. ಅದರಲ್ಲಿ ಇಳಿಸಿದ ನಳಿಕೆ ಪೆನ್ಸಿಲಿಗಿಂತ ಸಪೂರ. ಮೊದಲು ಒಂದು ಮೆತ್ತನೆಯ ತಂತಿ ದಾರಿ ತೋರಿಸುತ್ತ ಹೊಟ್ಟೆಯನ್ನು ದಾಟಿ, ಮಹಾಪಧಮನಿಯ ಕೊಕ್ಕೆಯಂಥ ತಿರುವನ್ನು ಬಳಸಿ, ಬಿಗಿದ ಕವಾಟವನ್ನು ಹಾಯ್ದು ಹೃದಯದ ಕೋಣೆ ಸೇರಿತು. ಅದರ ಮೇಲೆ ಮೊಗ್ಗಿನಂತೆ ಮಡಿಸಿದ ಕವಾಟ ಸಾಗಿತು. ವೈದ್ಯರ ಕಣ್ಣೆಲ್ಲ ಎಕ್ಸ್‌ರೇ ಪರದೆಯ ಮೇಲೆ.

ಜಾಗ ಸರಿಯಾಯಿತು. ಈಗ ಅರಳಿಸಬೇಕು. ಆದರೆ ಪ್ರತಿ ಬಡಿತಕ್ಕೂ ರಕ್ತ ರಭಸದಿಂದ ನುಗ್ಗುತ್ತಿರುವಾಗ ಕವಾಟ ಜಾರಿಬಿಟ್ಟರೆ? ಅದಕ್ಕೊಂದು ಉಪಾಯವಿದೆ. ಸಣ್ಣ ತಂತಿಯಿಂದ ವಿದ್ಯುತ್ ಮಿಡಿತ ಕೊಟ್ಟು, ಕೆಲವೇ ಸೆಕೆಂಡು ಹೃದಯವನ್ನು ನಿಮಿಷಕ್ಕೆ ಸುಮಾರು 180 ಸಲದ ವೇಗದಲ್ಲಿ ಬಡಿಸುತ್ತಾರೆ. ಅಷ್ಟು ವೇಗದಲ್ಲಿ ಕೋಣೆಗೆ ತುಂಬಿಕೊಳ್ಳಲು ಪುರುಸೊತ್ತಿಲ್ಲದೆ ರಕ್ತದ ನೂಕು ಕಡಿಮೆಯಾಗುತ್ತದೆ. ಆ ಗಳಿಗೆಯಲ್ಲಿ ಬಲೂನು ಉಬ್ಬಿತು. ಹಳೆಯ ಗಡುಸು ಎಸಳುಗಳು ಗೋಡೆಯ ಕಡೆಗೆ ಸರಿದವು. ಹೊಸ ಕವಾಟ ಅರಳಿ ಅವುಗಳ ನಡುವೆ ಕುಳಿತಿತು. ಬಲೂನು ಇಳಿಯಿತು, ಬಡಿತ ಮೊದಲಿನಂತಾಯಿತು. ಆ ಮೊದಲ ಬಡಿತಕ್ಕೇ ಹೊಸ ಎಸಳುಗಳು ತೆರೆದು ಮುಚ್ಚಿದವು.

ಸಾಮಾನ್ಯವಾಗಿ ಇದಕ್ಕೆ ಒಂದೆರಡು ಗಂಟೆ ಸಾಕು. ಮರುದಿನ ಅಜ್ಜ ಎದ್ದು ನಡೆದರು. ಕೆಲವೇ ದಿನಗಳಲ್ಲಿ ಮನೆಗೆ ಬಂದರು.

ಟಾವಿಯಲ್ಲೂ ಅಪಾಯಗಳಿವೆ. ಹೃದಯದ ಬಡಿತಕ್ಕೆ ಅಪ್ಪಣೆ ಕೊಡುವ ವಿದ್ಯುತ್ ದಾರಿ ಈ ಕವಾಟದ ಪಕ್ಕದಲ್ಲೇ ಹಾದುಹೋಗುತ್ತದೆ. ಹೊಸ ಚೌಕಟ್ಟು ಅದನ್ನು ಒತ್ತಿದರೆ ಕೆಲವರಿಗೆ ಬಡಿತ ಕಾಯುವ ಪೇಸ್‌ಮೇಕರ್ ಯಂತ್ರ ಹಾಕಬೇಕಾಗುತ್ತದೆ. ಕ್ಯಾಲ್ಸಿಯಂ ಚೂರು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು ಬರಬಹುದು. ಪೊರೆಯ ಎಸಳು ಶಾಶ್ವತವಲ್ಲ, ವರ್ಷಗಳು ಕಳೆದಂತೆ ಸವೆಯುತ್ತದೆ. ಆಗ ಕೆಲವರಿಗೆ ಅದರೊಳಗೇ ಇನ್ನೊಂದನ್ನು ಕೂರಿಸಬಹುದು. ಮುಂದೆ ಬಹಳ ವರ್ಷ ಬಾಳಬೇಕಾದ ಚಿಕ್ಕ ವಯಸ್ಸಿನವರಿಗೆ ಹೆಚ್ಚು ಕಾಲ ಬಾಳುವ ಲೋಹದ ಕವಾಟವನ್ನು ಶಸ್ತ್ರಚಿಕಿತ್ಸೆಯಲ್ಲಿ ಹಾಕುವುದೇ ಎಷ್ಟೋ ಸಲ ಲೇಸು. ಅದಕ್ಕೆ ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬೇಕು. ಯಾರಿಗೆ ಯಾವುದು ಒಳ್ಳೆಯದೆಂದು ತೂಗಿ ನೋಡುವುದೇ ನಿಜವಾದ ವೈದ್ಯವಿದ್ಯೆ.

ನಿಮ್ಮ ಬಾಗಿಲುಗಳ ಕಾವಲು

ಇದೆಲ್ಲ ಅಜ್ಜಂದಿರ ಕತೆಯಾಯಿತು. ನಿಮ್ಮ ಕವಾಟಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು.

ನಮ್ಮ ನಾಡಿನಲ್ಲಿ ಕವಾಟ ಕೆಡಲು ವಯಸ್ಸೊಂದೇ ಕಾರಣವಲ್ಲ. 5ರಿಂದ 15 ವರ್ಷದ ಮಕ್ಕಳಿಗೆ ಕೆಲವೊಮ್ಮೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ಬೇನೆ ಬರುತ್ತದೆ. ಅದಕ್ಕೆ ಸರಿಯಾದ ಔಷಧಿ ಬೀಳದಿದ್ದರೆ ಕೆಲವರಲ್ಲಿ ಕೆಲವು ವಾರಗಳ ಬಳಿಕ ಗಂಟುನೋವು, ಜ್ವರ ಕಾಣಿಸಿಕೊಳ್ಳುತ್ತವೆ. ಇದು ರುಮ್ಯಾಟಿಕ್ ಜ್ವರ. ಬ್ಯಾಕ್ಟೀರಿಯಾದ ಮೇಲೆ ಯುದ್ಧಕ್ಕೆ ಹೊರಟ ಮೈಯ ಸೈನಿಕರು ಗುರುತು ತಪ್ಪಿ ಹೃದಯದ ಕವಾಟಗಳನ್ನೇ ಗಾಯಗೊಳಿಸುತ್ತಾರೆ. ಹೆಚ್ಚಾಗಿ ಪೆಟ್ಟು ಬೀಳುವುದು ಎಡಗಡೆಯ ಎರಡು ಕೋಣೆಗಳ ನಡುವಿನ ದ್ವಿದಳ ಕವಾಟಕ್ಕೆ. ಇದನ್ನು ತಡೆಯಲು ಪೆನ್ಸಿಲಿನ್‌ನಂಥ ಹಳೆಯ, ಅಗ್ಗದ ಔಷಧಿ ಸಾಕು.

ಹಾಗಾಗಿ ನುಂಗಲಾಗದಷ್ಟು ಗಂಟಲು ನೋವು, ಜೊತೆಗೆ ಜ್ವರ ಬಂದರೆ ಅಮ್ಮನಿಗೆ ಹೇಳಿ. ಡಾಕ್ಟರರು ಎಷ್ಟು ದಿನ ಔಷಧಿ ಕೊಟ್ಟರೋ ಅಷ್ಟೂ ದಿನ ತೆಗೆದುಕೊಳ್ಳಿ. ನೋವು ಹೋಯಿತೆಂದು ನಡುವೆ ಬಿಡಬೇಡಿ. ಮನೆಯಲ್ಲಿ ಕವಾಟ ಬದಲಿಸಿಕೊಂಡ ಹಿರಿಯರಿದ್ದರೆ ಹಲ್ಲು ಚೆನ್ನಾಗಿ ಉಜ್ಜಲು ನೆನಪಿಸಿ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಹೊಸ ಕವಾಟದಲ್ಲಿ ಬೀಡು ಬಿಡಬಹುದು. ಹಲ್ಲಿನ ಡಾಕ್ಟರರ ಬಳಿ ಹೋದಾಗ ಕವಾಟದ ವಿಷಯ ಮೊದಲೇ ಹೇಳಬೇಕು. ಅಜ್ಜ ದಮ್ಮು ಕಟ್ಟಿ ನಿಂತದ್ದು ಕಂಡರೆ, ನಮ್ಮ ಪುಳ್ಳಿಯ ಹಾಗೆ, ಕಂಡದ್ದನ್ನು ಮನೆಯವರಿಗೆ ಹೇಳಿ. ಅಜ್ಜನ ಹೊಸ ಬಾಗಿಲಿನ ಕತೆ ಶುರುವಾದದ್ದು ಅಲ್ಲಿಂದಲೇ.

ತಿಂಗಳ ಬಳಿಕ ಅಜ್ಜ, ಪುಳ್ಳಿ ಅದೇ ಮೆಟ್ರೊ ಮೆಟ್ಟಿಲನ್ನು ಹತ್ತಿದರು. ನಡುವೆ ಎಲ್ಲಿಯೂ ನಿಲ್ಲಲಿಲ್ಲ. ರಾತ್ರಿ ಮನೆಯಲ್ಲಿ ಅವಳು ಹಾಳೆ ಸುತ್ತಿ ಅಜ್ಜನ ಎದೆಗಿಟ್ಟು ಕಿವಿ ಕೊಟ್ಟಳು.

"ಎಂತ ಕೇಳ್ತದೆ ಮಗಾ?"

"ಬಾಗಿಲು ಹಾಕುವ ಸದ್ದು ಅಜ್ಜ. ಚಂದ ಕೇಳ್ತದೆ."